ಗೊಣಗುವ ಗಿಟಾರು

ಗುತ್ತಲು ರಸ್ತೆಯಲ್ಲಿ ನನ್ನದು
ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ.
ಗಿಟಾರು ಇಲ್ಲಿಗೇಕೆ ಬಂತೆಂದು ಕೇಳಬೇಡಿ:
ಒಳಗೆ ತಾಮ್ರದ ಸುರುಳಿ ಇರುವುದೆಲ್ಲ
ಒಂದಲ್ಲ ಒಂದು ದಿನ ಈ ಬೆಂಚಿಗೆ ಬರುತ್ತದೆ.

ಸಿಂಚನ ತಂದಳು, ಹೆಗಲಿಗೊಂದರಂತೆ ಎರಡು,
ಮಾಯಿಗಣ್ಣನ ಆರ್ಕೆಸ್ಟ್ರಾದವು.
ಒಂದೇ ಕಂಪನಿ, ಒಂದೇ ನೇರಳೆ ಬಣ್ಣ,
ಮೈಸೂರಿನಲ್ಲಿ ಒಂದೇ ಬಿಲ್ಲಿಗೆ ಕೊಂಡವು,
ಬೆನ್ನಿನ ನಂಬರು ಕೂಡ ಅಕ್ಕಪಕ್ಕ.
"ಇದು ಮಾತಾಡ್ತದೆ ಗೌರಕ್ಕ.
ಅದು ಗೊಣಗ್ತದೆ,
ಬಾಯಲ್ಲಿ ಮುದ್ದೆ ಇಟ್ಕಂಡು ಮಾತಾಡ್ದಂಗೆ."

ನುಡಿಸಿ ತೋರಿಸಿದಳು.
ನನಗೆ ಎರಡೂ ಒಂದೇ ಕೇಳಿಸಿತು. ಹೇಳಲಿಲ್ಲ.
ಮೂವತ್ತು ವರ್ಷ ಮೋಟಾರಿನ ಪಕ್ಕ ಕೂತ ಕಿವಿ;
ಮನೆಯಲ್ಲಿ ಕುಕ್ಕರಿನ ಕೂಗು ಎಣಿಸುವವನು ಮೊಮ್ಮಗ.

ತಂತಿ ಬದಲಿಸಿದೆವು, ಎರಡಕ್ಕೂ ಒಂದೇ ಥರದ್ದು.
ಗೊಣಗಿತು.
ವೈರು ಅದಲುಬದಲು ಮಾಡಿದೆವು.
ಗೊಣಗಿತು.
ತಂತಿಯ ಕೆಳಗಿನ ಅಯಸ್ಕಾಂತವನ್ನು
ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಮೇಲೆತ್ತಿದೆವು.
ಜೋರಾಗಿ ಗೊಣಗಿತು, ಅಷ್ಟೆ.
"ಮರ ಬೇರೆ ಇರಬೌದು" ಅಂದರು
ಪಕ್ಕದ ಸೈಕಲ್ ಶಾಪಿನ ದಸ್ತಗೀರ್ ಸಾಬರು.
ಯಾರಿಗೂ ತಿಳಿಯದ್ದಕ್ಕೆಲ್ಲ ಮರವೇ ಕಾರಣ, ಅಂದೆ ನಾನು.

ಆಮೇಲೆ ನನ್ನ ವಿದ್ಯೆ.
ಸುರುಳಿಯ ಒಂದು ತುದಿ ಬಿಡಿಸಿ ಮೀಟರು ಹಿಡಿದೆ:
ಏಳೂವರೆ ಸಾವಿರ ಓಮ್,
ಇನ್ನೊಂದು ಏಳು ಸಾವಿರದ ನಾನೂರ ಎಂಬತ್ತು.
ಒಂದೇ ತಾಯಿಯ ಮಕ್ಕಳಲ್ಲೂ ಇದಕ್ಕಿಂತ ಹೆಚ್ಚು ವ್ಯತ್ಯಾಸ.
ಸುರುಳಿಯ ತಪ್ಪಲ್ಲ.
ಒಳಗಿನ ಉಳಿದ ಸಾಮಾನಿಗೂ ಮೀಟರು ಹಿಡಿದೆ.
ಮಾತಾಡುವುದರ ಹೊಟ್ಟೆಯಲ್ಲಿ
ವಾಲ್ಯೂಮಿನ ಕಂಟ್ರೋಲು ಐನೂರು ಕಿಲೋ.
ಗೊಣಗುವುದರಲ್ಲಿ
ನೂರು.

ನಾಲೆಯ ತೂಬು ನೋಡಿದ್ದೀಯಲ್ಲ, ಅಂದೆ.
ಹಲಗೆ ಭದ್ರ ಕೂತರೆ ನೀರು ಕೊನೆಯವರೆಗೂ ಹೋಗುತ್ತೆ.
ಸಡಿಲ ಬಿದ್ದರೆ ದಾರಿಯಲ್ಲೇ ನೆಲಕ್ಕೆ ಸೋರುತ್ತೆ,
ಮೊದಲು ಒಣಗುವುದು ತುದಿಯ ಗದ್ದೆ.
ನಿನ್ನ ಸಣ್ಣ ದನಿಗಳೆಲ್ಲ ತುದಿಯ ಗದ್ದೆ.
"ಯಾರು ಹಾಕಿದ್ದು ಈ ದರಿದ್ರದ್ನ?"

ನಾನು ಬೆಸುಗೆ ನೋಡುತ್ತಿದ್ದೆ.
ಸೀಸ ಜಾಸ್ತಿ, ಕಡಲೆಬೀಜದ ಗಾತ್ರ,
ಬಾಲ ಎಡಕ್ಕೆ ತಿರುಗಿದೆ.
ಈ ಊರಲ್ಲಿ ಬೆಸುಗೆಯ ಕಡ್ಡಿಯನ್ನು
ಎಡಗೈಯಲ್ಲಿ ಹಿಡಿಯುವವಳು
ನನಗೆ ಗೊತ್ತಿರುವ ಹಾಗೆ ಒಬ್ಬಳೇ.

ಗಣೇಶನ ಹಬ್ಬದ ಹಿಂದಿನ ರಾತ್ರಿ, ಹತ್ತು ಗಂಟೆ,
ಮಾಯಿಗಣ್ಣ ಬಾಗಿಲು ಬಡಿದಿದ್ದ:
"ಹೆಂಗಾರ ಮಾಡಿಕೊಡವ್ವ, ನಾಳೀಕೆ ಪ್ರೋಗ್ರಾಮು."
ಡಬ್ಬದಲ್ಲಿ ಇದ್ದದ್ದು ಒಂದೇ,
ಸತ್ತ ಟೇಪ್‌ರೆಕಾರ್ಡರಿನದು. ಹಾಕಿದೆ.
ಪೆಂಡಾಲಿನ ಹಾರ್ನ್ ಸ್ಪೀಕರಿಗೆ ಏನು ಗೊತ್ತು.
"ಮೊದ್ಲು ಕಿವಿ ಕಚ್ತಿತ್ತು, ಈಗ ಹಿತವಾಗದೆ"
ಅಂದು ಒಂದು ಅಚ್ಚು ಬೆಲ್ಲ ಕೊಟ್ಟು ಹೋದ.
ಆ ಬೆಲ್ಲ ಮುಗಿದು ಒಂಬತ್ತು ವರ್ಷ.

"ನಾನೇ" ಅಂದೆ.
ಸಿಂಚನ ನಕ್ಕಳೋ ಇಲ್ಲವೋ,
ನಾನು ತಲೆ ಎತ್ತಲಿಲ್ಲ.

ಮೈಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಐನೂರರದು ತರಿಸಿ
ಗುರುವಾರ ಕೂರಿಸಿದೆ, ಸೀಸ ಹಿಡಿತದಲ್ಲಿಟ್ಟು.
ಅವಳು ಒಂದರಲ್ಲಿ ಮೀಟಿದಳು,
ಇನ್ನೊಂದರಲ್ಲಿ ಅದೇ ತಂತಿ.
ಕಣ್ಣು ಮುಚ್ಚಿ ಮತ್ತೊಮ್ಮೆ.
"ಮುದ್ದೆ ನುಂಗ್ತು ಅಕ್ಕ. ಆದ್ರೂ
ಒಂದು ಕೂದಲೆಳೆ ವ್ಯತ್ಯಾಸ ಅದೆ."
ಮೀಟರು ಇಲ್ಲ ಅನ್ನುತ್ತದೆ.
ನನ್ನ ಕಿವಿಯನ್ನು ಸಾಕ್ಷಿಗೆ ಕರೆಯುವ ಹಾಗಿಲ್ಲ.
"ಮರ" ಅಂದರು ಆಚೆಯಿಂದ ದಸ್ತಗೀರ್ ಸಾಬರು.
ಈ ಸಲ ಸುಮ್ಮನಿದ್ದೆ.

ಕೂಲಿ ಬೇಡ ಅಂದೆ.
ಕಂಟ್ರೋಲಿಗೆ ಅರವತ್ತು, ಕಂಡಕ್ಟರಿಗೆ ಹತ್ತು, ಇಸಕೊಂಡೆ.
ನೂರರದನ್ನು ಒರೆಸಿ ಮತ್ತೆ ಡಬ್ಬಕ್ಕೆ ಹಾಕಿದೆ,
ರಾತ್ರಿ ಹತ್ತಕ್ಕೆ ಯಾರಾದರೂ
ಬಾಗಿಲು ಬಡಿದರೆ ಇರಲಿ ಅಂತ.